ಹಳಿ ಇದ್ದೂ ರೈಲಿಲ್ಲದ ಹತ್ತು ವರ್ಷ

ಜಯನಗರದಲ್ಲಿರುವ ಸೋದರಮಾವನ ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕ ಆಲ್ಬಂನಲ್ಲಿ 2001ರ ಡಿಸೆಂಬರಿನ ಹದಿನಾರು ಫೋಟೋಗಳಿವೆ. ಮಾವ ಮತ್ತವರ ನಾಲ್ವರು ಗೆಳೆಯರು, ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು, ರೈಲು ಹಳಿಗಳ ನಡುವೆ ಸಾಲಾಗಿ ನಿಂತಿದ್ದಾರೆ. ಒಂದರಲ್ಲಂತೂ ಸೇತುವೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕಿತ್ತಳೆ ಸುಲಿಯುತ್ತಿದ್ದಾರೆ. "ರೈಲು ಬಂದಿದ್ದರೆ?" ಅಂತ ಕೇಳಿದೆ. ಮಾವ ನಕ್ಕರು. "ಆಗ ಅಲ್ಲಿ ರೈಲೇ ಇರಲಿಲ್ಲವಲ್ಲೇ ಪುಟ್ಟಿ."

ಅದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಮಾರ್ಗ. ಬೆಂಗಳೂರಿನ ಹುಡುಗ ಹುಡುಗಿಯರು ಅದನ್ನು 'ಗ್ರೀನ್ ರೂಟ್' ಅಂತ ಕರೆದರು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಂಗಳೂರು ಬಸ್ಸು ಹತ್ತಿ, ನಸುಕಿನಲ್ಲಿ ದೋಣಿಗಾಲ್ ಬಳಿ ಇಳಿದು, ಹಳಿ ಹಿಡಿದು ನಡೆದರೆ ಯಡಕುಮೇರಿ ನಿಲ್ದಾಣ. ಸುಮಾರು 18 ಕಿ.ಮೀ. ದಾರಿ ತಪ್ಪುವ ಭಯವಿಲ್ಲ, ಹಳಿ ಹೋದಲ್ಲಿ ಹೋದರಾಯಿತು. ಆದರೆ ಸ್ಲೀಪರುಗಳ ಅಂತರ ಮನುಷ್ಯನ ಹೆಜ್ಜೆಗೆ ಹೊಂದುವಂಥದ್ದಲ್ಲ. ಒಂದೊಂದಾಗಿ ಮೆಟ್ಟಿದರೆ ಹೆಜ್ಜೆ ಗಿಡ್ಡ, ಎರಡು ದಾಟಿದರೆ ಉದ್ದ. ಮೂರು ದಿನ ಮೊಣಕಾಲು ನೋಯುತ್ತಿತ್ತು ಅನ್ನುತ್ತಾರೆ ಮಾವ. ಸುರಂಗದೊಳಗೆ ಬಾವಲಿಗಳ ವಾಸನೆ, ಸೇತುವೆಯ ಸಂದುಗಳಲ್ಲಿ ಬಹಳ ಕೆಳಗೆ ಹರಿಯುವ ಹಳ್ಳ. ಅದನ್ನು ನೋಡದೆ ದಾಟಬೇಕು, ನೋಡದಿದ್ದರೆ ಕಾಲಿಡುವುದೆಲ್ಲಿ?

ಈ ಹಳಿಯ ಹಿಂದೆ ದೊಡ್ಡ ಕಾಯುವಿಕೆಯೊಂದಿದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಲಬಾರ್ ಕಡೆಯಿಂದ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಹಾಗಾಗಿ ಮಂಗಳೂರಿನವರು ರೈಲಿನಲ್ಲೇ ಮದ್ರಾಸಿಗೆ ಹೋಗಬಹುದಿತ್ತು, ಆದರೆ ಘಟ್ಟದ ಮೇಲಿನ ಹಾಸನಕ್ಕೆ ನೇರ ಹಳಿ ಇರಲಿಲ್ಲ. 1956ರಲ್ಲಿ ರಾಜ್ಯ ಒಂದಾಯಿತು, ಹಳಿ ಒಂದಾಗಲು ಮತ್ತೆ 23 ವರ್ಷ ಬೇಕಾಯಿತು. ಕಾಡು, ಮಳೆ, ಕುಸಿಯುವ ಮಣ್ಣು, ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು. ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಹಾಸನ–ಮಂಗಳೂರು ಮಾರ್ಗ ಪೂರ್ಣವಾಗಿ ತೆರೆದದ್ದು 1979ರಲ್ಲಿ.

ಅಷ್ಟು ಕಷ್ಟಪಟ್ಟು ಹಾಕಿದ್ದು ಮೀಟರ್ ಗೇಜ್. ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವ ಯೋಜನೆ 1992ರಲ್ಲಿ ಶುರುವಾಯಿತು. 1996ರಲ್ಲಿ ಘಾಟಿಯ ಪ್ರಯಾಣಿಕರ ರೈಲು ನಿಂತಿತು. ಮೀಟರ್ ಗೇಜಿನ ಅಗಲ 1,000 ಮಿ.ಮೀ., ಬ್ರಾಡ್ ಗೇಜಿನದು 1,676. ಈ ಎರಡು ಅಳತೆಗಳ ನಡುವಿನ ಮೂರು ಗೇಣಿನಷ್ಟು ಜಾಗದಲ್ಲಿ ಹತ್ತು ವರ್ಷದ ಕಾಲುದಾರಿಯೊಂದು ಹುಟ್ಟಿಕೊಂಡಿತು. (ನಮ್ಮ ಜಯನಗರದ ಮೆಟ್ರೋ ಹಳಿ ಇವೆರಡೂ ಅಲ್ಲ, 1,435. ಗೇಜಿನ ವಿಷಯಕ್ಕೆ ಇಳಿದರೆ ಮೇಲೇಳುವುದು ಕಷ್ಟ.)

ಬೇರೆ ಕಡೆ ಇದನ್ನು ಯೋಚಿಸಿ ಮಾಡಿದ್ದಾರೆ. ಪ್ಯಾರಿಸ್ಸಿನಲ್ಲಿ 1969ರಲ್ಲಿ ನಿಂತ ರೈಲುದಾರಿಯ ಮೇಲೆ 1990ರ ದಶಕದಲ್ಲಿ ಉದ್ಯಾನ ಬಂತು. ನ್ಯೂಯಾರ್ಕಿನ ಹೈ ಲೈನ್ 2009ರಲ್ಲಿ ತೆರೆಯಿತು. ಇವುಗಳಿಗಿಂತ ನನಗೆ ಕುತೂಹಲವೆನಿಸಿದ್ದು ಅಮೆರಿಕದ 1983ರ ಒಂದು ಕಾನೂನು. ನಿಂತ ಮಾರ್ಗವನ್ನು ನಡಿಗೆದಾರಿ ಮಾಡಿ ಜನರಿಗೆ ಬಿಡಿ, ಮುಂದೊಂದು ದಿನ ಬೇಕಾದರೆ ರೈಲು ವಾಪಸ್ ಬರಲಿ ಅನ್ನುತ್ತದೆ ಅದು. ನಮ್ಮ ಘಾಟಿಯಲ್ಲಿ ಯಾವ ಕಾನೂನೂ ಇಲ್ಲದೆ ಹಾಗೇ ನಡೆಯಿತು. 2006ರಲ್ಲಿ ಗೂಡ್ಸ್ ರೈಲು ಬಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು. ನಡೆಯುವವರು ಮಾತ್ರ ಆಮೇಲೂ ಬರುತ್ತಲೇ ಇದ್ದರು. ಈಗ ಹಳಿ ಮೇಲೆ ನಡೆಯುವುದು ಅತಿಕ್ರಮ ಪ್ರವೇಶ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೀಗಾಗಿ ನಾನು ಮಾವನ ದಾರಿಯನ್ನು ಕಿಟಕಿಯಿಂದ ನೋಡಬೇಕಾಯಿತು. ಕಳೆದ ಮಳೆಗಾಲದ ಒಂದು ಬೆಳಗ್ಗೆ ಯಶವಂತಪುರದಲ್ಲಿ ರೈಲು ಹತ್ತಿದೆ. ಸಕಲೇಶಪುರದಲ್ಲಿ ಹಿಂದಿನಿಂದ ಇನ್ನೊಂದು ಎಂಜಿನ್ ಕಟ್ಟಿದರು. ಆಮೇಲೆ ರೈಲು ಎತ್ತಿನಗಾಡಿಯಷ್ಟು ನಿಧಾನ. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಕೂಗಿದರು, ಜಲಪಾತ ಕಂಡಾಗಲೆಲ್ಲ ದೊಡ್ಡವರು ಮೊಬೈಲ್ ಎತ್ತಿದರು. ನಾನೂ ಎತ್ತಿದೆ. ಒಂದು ಸುರಂಗದ ಬಾಯಲ್ಲಿ ಕಿತ್ತಳೆ ಬಣ್ಣದ ಮಳೆಕೋಟು ತೊಟ್ಟ ಇಬ್ಬರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಒಬ್ಬನ ಹೆಗಲ ಮೇಲೆ ಉದ್ದ ಸುತ್ತಿಗೆ, ಇನ್ನೊಬ್ಬನ ಕೈಯಲ್ಲಿ ಹಸಿರು ಬಾವುಟ. ನನ್ನ ಫೋಟೋದಲ್ಲಿ ಅವರು ಬರಿಯ ಕಿತ್ತಳೆ ಗೆರೆ.

ಮಳೆಗಾಲದಲ್ಲಿ ಟ್ರ್ಯಾಕ್‌ಮನ್‌ಗಳು ಈ ಹಳಿಯನ್ನು ಹಗಲೂ ರಾತ್ರಿ ನಡೆದು ನೋಡುತ್ತಾರೆ. ಕಲ್ಲು ಉರುಳಿದೆಯೇ, ಹಳಿಯಡಿಯ ಮಣ್ಣು ಜಾರಿದೆಯೇ ಅಂತ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಾರ್ಗ ಮುಚ್ಚಿತ್ತು. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮೇರಿ ನಡುವೆ ಮತ್ತೆ ಕುಸಿಯಿತು. ನಾವು 'ಗ್ರೀನ್ ರೂಟ್' ಅಂತ ಕರೆದದ್ದು ಅವರಿಗೆ ನೌಕರಿ. ನಾವು ಬರುವ ಮೊದಲೂ ಅದು ನಡಿಗೆಯ ದಾರಿಯೇ ಆಗಿತ್ತು, ನಾವು ಹೋದಮೇಲೂ ಹೌದು. ವರ್ಷಗಳು, ಸುರಂಗಗಳ ಲೆಕ್ಕ, ಗೇಜಿನ ಅಳತೆ ಎಲ್ಲವೂ ನನಗೆ ಸುಲಭವಾಗಿ ಸಿಕ್ಕವು. ಇತಿಹಾಸ ಓದುವವಳಾಗಿ ನಾನು ಕೇಳಬೇಕಿದ್ದ ಮೊದಲ ಪ್ರಶ್ನೆಯನ್ನೇ ಕೊನೆಗೆ ಕೇಳಿದೆನಲ್ಲ ಅನ್ನಿಸಿತು.

ಯಾಕೆಂದರೆ ಆಲ್ಬಂನ ಕೊನೆಯ ಫೋಟೋದಲ್ಲಿ ಆರನೆಯ ಮನುಷ್ಯನೊಬ್ಬನಿದ್ದಾನೆ. ಖಾಕಿ ಅಂಗಿ, ಬರಿಗಾಲು, ಕೈಯಲ್ಲಿ ಲಾಟೀನು. ಊರಿಗೆ ಬಂದವಳೇ ಮಾವನನ್ನು ಕೇಳಿದೆ. ಯಡಕುಮೇರಿ ನಿಲ್ದಾಣದ ಕಾವಲಿನವನಿರಬೇಕು ಅಂದರು. ರಾತ್ರಿ ಐವರಿಗೂ ಅನ್ನ, ಹುರುಳಿಸಾರು ಮಾಡಿ ಹಾಕಿದ್ದನಂತೆ, ದುಡ್ಡು ಕೊಟ್ಟರೆ ಬೇಡ ಅಂದನಂತೆ. ಸಾರಿನ ರುಚಿ ಮಾವನಿಗೆ ಇವತ್ತಿಗೂ ನೆನಪಿದೆ.

"ಹೆಸರು?"

ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಉಳಿದ ನಾಲ್ವರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರಿಗೂ ಸಾರು ನೆನಪಿತ್ತು.