ಚಾತಕ ಅಂದ್ರೆ ಕಿರುಚುವವನು!

ಮಳೆ ಹನಿಗಾಗಿ ಬಾಯಿ ತೆರೆದು ಕಾಯುತ್ತೆ ಅಂತ ಹೇಳೋ ಚಾತಕ ಪಕ್ಷಿಯ ವೈಜ್ಞಾನಿಕ ಹೆಸರು ಕ್ಲಾಮೇಟರ್ ಜಾಕೋಬಿನಸ್. ಲ್ಯಾಟಿನ್‌ನಲ್ಲಿ ಕ್ಲಾಮೇಟರ್ ಅಂದ್ರೆ ಕಿರುಚುವವನು! ನಮ್ಮ ಕಾಳಿದಾಸ ಮೇಘದೂತದಲ್ಲಿ ಚಾತಕದ ದನಿಯನ್ನ ಮಧುರ ಅಂದಿದ್ದ. ಕಿವಿ ಯಾರದು ಅನ್ನೋದರ ಮೇಲೆ ಹೆಸರು ನೋಡಿ.. ದಿನವಿಡೀ ಕೋಡ್‌ನಲ್ಲಿ ವೇರಿಯಬಲ್‌ಗಳಿಗೆ ಹೆಸರು ಹುಡುಕೋ ನಂಗೆ ಇಂಥ ಕಥೆಗಳು ಅಂದ್ರೆ ಖುಷಿ.

ಈ ಹಕ್ಕಿಗೆ ಮೊದಲು ಸಿಕ್ಕಿದ್ದು ಕಣ್ಣು ಕೊಟ್ಟ ಹೆಸರು. ಫ್ರಾನ್ಸಿನ ಬುಫಾನ್ 1780ರಲ್ಲಿ ಕೋರಮಂಡಲ ಕರಾವಳಿಯ ಈ ಜುಟ್ಟಿನ ಹಕ್ಕಿಯನ್ನ ವರ್ಣಿಸಿದ. ಕಪ್ಪು ಬೆನ್ನು, ಬಿಳಿ ಹೊಟ್ಟೆ ಕಂಡು, ಬಿಳಿ ನಿಲುವಂಗಿಯ ಮೇಲೆ ಕಪ್ಪು ಮೇಲಂಗಿ ಹೊದೆಯೋ ಜಾಕೋಬಿನ್ ಸನ್ಯಾಸಿಗಳ ಹೆಸರಿಟ್ಟ. 1783ರಲ್ಲಿ ಡಚ್ಚರ ಬಾಡರ್ಟ್ ಅದನ್ನೇ ಲ್ಯಾಟಿನ್‌ಗೆ ತಂದ. ಬುಫಾನ್ ಭಾರತಕ್ಕೆ ಬಂದವನೇ ಅಲ್ಲ. ಸತ್ತ ಹಕ್ಕಿ ಬಣ್ಣ ತೋರಿಸುತ್ತೆ, ಕೂಗಲ್ಲ!

ಕ್ಲಾಮೇಟರ್ ಬಂದದ್ದು ಆಮೇಲೆ. ಜರ್ಮನಿಯ ಕೌಪ್ 1829ರಲ್ಲಿ ಯುರೋಪು, ಆಫ್ರಿಕಾದ ಒಂದು ಜುಟ್ಟು ಕೋಗಿಲೆಗೆ ಈ ಕುಲ ಕಟ್ಟಿದ. ನಮ್ಮ ಚಾತಕ ಆಮೇಲೆ ಆ ಮನೆ ಸೇರಿತು.

ದನಿಯ ಹೆಸರಿನ ಹಿಂದೆ ಹೆಚ್ಚಾಗಿ ಅಲ್ಲಿಗೇ ಹೋಗಿ ಕೇಳಿಸಿಕೊಂಡವರು ಇರ್ತಾರೆ. ಅಮೆರಿಕದ ಕಿಲ್‌ಡಿಯರ್ ಹಕ್ಕಿಗೆ ಲಿನೇಯಸ್ 1758ರಲ್ಲಿ ವೊಸಿಫೆರಸ್, ಅಂದ್ರೆ ಗಲಾಟೆಯದು, ಅಂತ ಹೆಸರು ಕೊಟ್ಟ. ಅದು ಅಲ್ಲೇ ಓಡಾಡಿದ್ದ ಕೇಟ್ಸ್‌ಬಿಯ ಪುಸ್ತಕದಿಂದ ಬಂದದ್ದು. ಆಫ್ರಿಕಾದ ಮೀನು ಹದ್ದನ್ನ ವೊಸಿಫರ್ ಅಂತ ಕರೆದ ಲೆವೈಯಾ ಕೂಡ ದಕ್ಷಿಣ ಆಫ್ರಿಕಾ ಸುತ್ತಿದವನು. 1800ರಲ್ಲಿ ದೋದಾಂ ಅದನ್ನ ವೈಜ್ಞಾನಿಕ ಹೆಸರಾಗಿಸಿದ.

ಇವರ ಹೆಸರೆಲ್ಲ ಪುಸ್ತಕದಲ್ಲಿ ಉಳಿದಿದೆ. ಆದರೆ ಕಾಗೆಯನ್ನ ಅದರ ಕಾ ಕಾ ಕೇಳಿ ಕರೆದೋರು ಯಾರು? ಟಿಟ್ಟಿಭಕ್ಕೆ ಅದರ ಕೂಗನ್ನೇ ಹೆಸರಾಗಿಸಿದೋರು? ಗುಂಪುಗುಂಪಾಗಿ ಗದ್ದಲ ಮಾಡೋ ಹಕ್ಕಿಗೆ ಹರಟೆಮಲ್ಲ ಅಂದ ಪುಣ್ಯಾತ್ಮ? ಅವರಿಗೆ ವರ್ಷವೂ ಇಲ್ಲ, ಹೆಸರೂ ಇಲ್ಲ. ಅಂದಹಾಗೆ, ಚಾತಕ ಮೊಟ್ಟೆ ಇಡೋದು ಇದೇ ಹರಟೆಮಲ್ಲಗಳ ಗೂಡಲ್ಲಿ. ಹರಟೆಯವರ ಮನೇಲಿ ಕಿರುಚುವವನ ಕೂಸು!

ಇಂಥ ಹೆಸರು ಮರೆತರೆ ಒಂದು ಪದ ಮಾತ್ರ ಹೋಗಲ್ಲ, ಯಾರೋ ಕಿವಿಗೊಟ್ಟು ಕೇಳಿದ್ದಕ್ಕೆ ಇದ್ದ ಒಂದೇ ದಾಖಲೆಯೂ ಹೋಗುತ್ತೆ. ನಿಮ್ಮೂರ ಹಿರಿಯರನ್ನ ಒಮ್ಮೆ ಕೇಳಿ, ಬರೆದಿಟ್ಟುಕೊಳ್ಳಿ.