ಧಾತು-ಈಶ್ವರ ಸಂವತ್ಸರಗಳ ಕ್ಷಾಮವೂ ಮೈಸೂರಿನ ಕೆರೆಗಳೂ

ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯ ಮೇರೆಗೆ ಇದ್ದ ಪ್ರಜೆಗಳ ಸಂಖ್ಯೆ 50,55,412. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಅದು 41,86,188ಕ್ಕೆ ಇಳಿದಿತ್ತು. ಅಂತರ 8,69,224. ಸಹಜವಾಗಿ ಆಗಬೇಕಾಗಿದ್ದ ವೃದ್ಧಿಯನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟವು ಹತ್ತು ಲಕ್ಷವನ್ನು ಮುಟ್ಟುವುದು. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ 1876ರಿಂದ 1878ರವರೆಗಿನ, ಮಹಾಕ್ಷಾಮದ ಫಲವಿದು.

ಈ ನಷ್ಟವು ಸಂಭವಿಸಿದ್ದು ನೀರಾವರಿಯನ್ನು ಅರಿಯದ ನಾಡಿನಲ್ಲಲ್ಲ ಎಂಬುದು ವಿಚಾರಾರ್ಹ. ಸಂಸ್ಥಾನದ ಮುಖ್ಯ ಎಂಜಿನಿಯರನಾಗಿದ್ದ ಸ್ಯಾಂಕಿ 1866ರಲ್ಲಿ ಬರೆದ ವರದಿಯಲ್ಲಿ, ಇಲ್ಲಿನ ಭೂಭಾಗದಲ್ಲಿ ನೂರಕ್ಕೆ ಸುಮಾರು 60ರಷ್ಟು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವುದೇ ದುಸ್ತರವೆಂದೂ ಮೆಚ್ಚಿಕೊಂಡಿದ್ದನು. ಸಂಸ್ಥಾನದ ಕೆರೆಗಳು ಸುಮಾರು 38,000. ಹಾಗಿದ್ದೂ ಜನ ಹಸಿದು ಸತ್ತುದೇಕೆ?

ಉತ್ತರದ ಒಂದು ಭಾಗ ಆ ವ್ಯವಸ್ಥೆಯ ರಚನೆಯಲ್ಲಿಯೇ ಅಡಗಿದೆ. ಮೈಸೂರಿನ ಕೆರೆಗಳು ಬಿಡಿಬಿಡಿಯಾಗಿ ನಿಂತವಲ್ಲ. ಒಂದೇ ಹಳ್ಳದ ಪಾತ್ರದಲ್ಲಿ ಒಂದರ ಕೆಳಗೊಂದು ಪೋಣಿಸಿದಂತೆ ಇರುವಂಥವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಒಳ್ಳೆಯ ಮಳೆಗಾಲದಲ್ಲಿ ಹನಿಯೂ ವ್ಯರ್ಥವಾಗದ ಏರ್ಪಾಡು ಇದು. ಆದರೆ ಮಳೆ ಅರೆಯಾದ ವರ್ಷದಲ್ಲಿ ಮೇಲಣ ಕೆರೆಯೇ ತುಂಬದೆ, ಕೆಳಗಣ ಅಚ್ಚುಕಟ್ಟಿಗೆ ಏನೂ ಉಳಿಯದು. ಹೆಚ್ಚಿನವು ಆಳವಿಲ್ಲದ ಕೆರೆಗಳು. ಬಿಸಿಲಿಗೆ ಆವಿಯಾಗುವುದೂ ಬಹಳ. ಬಯಲುಸೀಮೆಯ ಸಾಧಾರಣ ಕೆರೆಯು ಒಂದು ಬೆಳೆಗೆ ಸಾಲುವಷ್ಟು ನೀರನ್ನು ಕಾಯಬಲ್ಲುದೇ ಹೊರತು ಒಂದು ವರ್ಷದ ನೀರನ್ನು ಮರುವರ್ಷಕ್ಕೆ ಒಯ್ಯಲಾರದು. ಅಂಗಳದಲ್ಲಿ ಹೂಳು ತುಂಬಿದಂತೆಲ್ಲ ಈ ಶಕ್ತಿಯೂ ಕುಂದುತ್ತ ಬಂದಿತು. ಕೆರೆಯ ರಕ್ಷಣೆಗೆಂದು ಪೂರ್ವಕಾಲದ ಶಾಸನಗಳಲ್ಲಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳಂಥ ದತ್ತಿಗಳನ್ನು ನೋಡಿದರೆ, ಹೂಳಿನ ಚಿಂತೆ ಹಿಂದಿನವರಿಗೂ ಇದ್ದಿತೆಂದು ತಿಳಿಯುವುದು.

1875ರಲ್ಲಿಯೇ ಮಳೆ ಸಾಲದಾಗಿದ್ದಿತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. 1877ರ ಮುಂಗಾರು ನೆಲವನ್ನು ತಣಿಸಲು ಸೆಪ್ಟೆಂಬರಿನವರೆಗೆ ಕಾಯಿಸಿತು. ಒಂದು ವರ್ಷದ ಬರವನ್ನು ಬಯಲುಸೀಮೆಯ ರೈತನು ಕೆರೆಯ ಬಲದಿಂದಲ್ಲ, ಹಗೇವಿನ ಬಲದಿಂದ ಎದುರಿಸುತ್ತಿದ್ದನು. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ರಾಗಿ ಹಲವು ವರ್ಷ ಕೆಡದು. ಹುಳು ಮುಟ್ಟದ ಈ ಧಾನ್ಯವೇ ಅವನ ಠೇವಣಿ. ಆ ಠೇವಣಿ ಕರಗಿಹೋದ ಮೇಲೆ ಎರಡನೆಯ ಬೆಳೆಯೂ ಹೋಯಿತು. ಕೋಲಾರ, ತುಮಕೂರು, ಚಿತ್ರದುರ್ಗದ ಸೀಮೆಗಳು ಅತಿಯಾಗಿ ನೊಂದವು. ಮಲೆನಾಡು ಬಹುಮಟ್ಟಿಗೆ ಪಾರಾಯಿತು. ಸಂಸ್ಥಾನದ ಹೊರಗೆ ಬಳ್ಳಾರಿ, ಧಾರವಾಡ, ಕಲಾದಗಿ ಪ್ರಾಂತಗಳದೂ ಇದೇ ಗತಿ.

ಉತ್ತರದ ಇನ್ನೊಂದು ಭಾಗ ಆಡಳಿತಕ್ಕೆ ಸೇರಿದ್ದು. 1831ರಿಂದ ಸಂಸ್ಥಾನವು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಿತು. ಆರಂಭದಲ್ಲಿ ಸಂಕಟದ ವಿಸ್ತಾರವನ್ನು ಅವರು ಅರಿಯಲಿಲ್ಲ. ಮದರಾಸು, ಮುಂಬಯಿ ಇಲಾಖೆಗಳಲ್ಲಂತೂ ಸರ್ ರಿಚರ್ಡ್ ಟೆಂಪಲ್, ದಿನವಿಡೀ ದುಡಿಯುವವನಿಗೆ ಒಂದು ಪೌಂಡು ಧಾನ್ಯದ ಬೆಲೆ ಸಾಕೆಂದು ಕೂಲಿಯನ್ನು ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಖಂಡಿಸಿದನು. ಪುಣೆಯ ಸಾರ್ವಜನಿಕ ಸಭೆಯೂ ಊರೂರಿನ ವರದಿಗಳನ್ನು ತರಿಸಿ ಸರ್ಕಾರಕ್ಕೆ ಬರೆಯಿತು. ಮೈಸೂರಿಗೆ 1877ರಲ್ಲಿ ವೈಸರಾಯ್ ಲಿಟ್ಟನ್ ಬಂದುಹೋದ ಮೇಲೆ ಚಾರ್ಲ್ಸ್ ಎಲಿಯಟ್ ಕ್ಷಾಮ ಕಮಿಷನರನಾಗಿ ಕೆಲಸವನ್ನು ಸರಿಪಡಿಸಿದನು. ಅಷ್ಟರಲ್ಲಿ ಸಾಯುವವರು ಸತ್ತಿದ್ದರು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಅದರೊಡನೆ ಕ್ಷಾಮದ ಸಾಲವೂ ಬಂದಿತು: ಭಾರತ ಸರ್ಕಾರಕ್ಕೆ ಸಲ್ಲಬೇಕಾದ 80 ಲಕ್ಷ ರೂಪಾಯಿ, ಮೇಲೆ ಬಡ್ಡಿ. ಕಾಣಿಕೆಯ ಹಣವನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವುದನ್ನು ಕೆಲವು ವರ್ಷ ಮುಂದೂಡಿದ್ದೇ ದೊರೆತ ರಿಯಾಯಿತಿ. ತನ್ನದಲ್ಲದ ಆಡಳಿತದ ಕಾಲದ ಸಾಲವನ್ನು, ಪ್ರಜೆಗಳಲ್ಲಿ ಆರನೆಯ ಒಂದು ಪಾಲನ್ನು ಕಳೆದುಕೊಂಡ ರಾಜ್ಯವು ತೀರಿಸಬೇಕಾಯಿತು. ದಿವಾನ್ ರಂಗಾಚಾರ್ಲು ಅವರ ಮಿತವ್ಯಯವನ್ನು ಈ ಹಿನ್ನೆಲೆಯಲ್ಲಿ ನೋಡದೆ ಆಕ್ಷೇಪಿಸುವುದು ನ್ಯಾಯವಾಗದು.

ಮಳೆಯೇಕೆ ತಪ್ಪಿತೆಂಬ ಪ್ರಶ್ನೆಗೆ ಅಂದಿನ ವಿದ್ವಾಂಸರು ಸೂರ್ಯನ ಕಲೆಗಳನ್ನು ಹೊಣೆಮಾಡಿದರು. 1877ರಲ್ಲಿ ಲಾಕ್ಯರ್ ಮತ್ತು ಹಂಟರ್ ಮದರಾಸಿನ ಮಳೆಯ ಅಂಕಿಗಳಿಂದ ಇದನ್ನು ಸಾಧಿಸಹೊರಟರು. ಆ ವಾದ ನಿಲ್ಲಲಿಲ್ಲ. ಶಾಂತಸಾಗರದ ಮೇಲಣ ವಾಯುಭಾರದ ಏರಿಳಿತಕ್ಕೂ ನಮ್ಮ ಮುಂಗಾರಿಗೂ ನಂಟಿದೆಯೆಂದು ಗಿಲ್ಬರ್ಟ್ ವಾಕರ್ 1920ರ ದಶಕದಲ್ಲಿ ತೋರಿಸಿದನು. 1877ರಲ್ಲಿ ಆ ಸಾಗರದಲ್ಲಿ ಅತಿ ಪ್ರಬಲವಾದ ಎಲ್ ನಿನೋ ಉಂಟಾಗಿತ್ತೆಂದು ಇಂದು ತಿಳಿದಿದೆ.

ಬರದ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ನೀರನ್ನು ಒಯ್ಯಬಲ್ಲ ಜಲಾಶಯವೊಂದು ಬೇಕೆಂಬ ವಿಚಾರ ಫಲಿಸಿದ್ದು ಹಿರಿಯೂರಿನ ಬಳಿ, ವೇದಾವತಿಗೆ ಅಡ್ಡವಾಗಿ ಕಟ್ಟಿದ ಮಾರಿಕಣಿವೆಯ ಅಣೆಯಲ್ಲಿ. ಅದು 1907ರಲ್ಲಿ ಪೂರ್ಣವಾಯಿತು. ವಾಣಿವಿಲಾಸ ಸಾಗರವೆಂದು ಹೆಸರಾದ ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ.