ಕಂಬದಹಳ್ಳಿಯ ಪಂಚಕೂಟ ಬಸದಿ: ಕಟ್ಟಿದ ಕ್ರಮದ ಕುರಿತು

ನಾಗಮಂಗಲ ತಾಲ್ಲೂಕು ಬಿಂಡಿಗನವಿಲೆ ಹೋಬಳಿಯ ಕಂಬದಹಳ್ಳಿ ಸಣ್ಣ ಊರು. ಇಲ್ಲಿಂದ ಶ್ರವಣಬೆಳಗೊಳ ಸುಮಾರು 18 ಕಿ.ಮೀ. ಗೊಮ್ಮಟನ ದರ್ಶನ ಮುಗಿಸಿದವರು ಹೊತ್ತು ಉಳಿದರೆ ಇತ್ತ ಬರುತ್ತಾರೆ. ಬರೆಯುವವರೂ ಊರನ್ನು ಬೆಳಗೊಳದ ಅಡಿಟಿಪ್ಪಣಿಯಲ್ಲೇ ಮುಗಿಸಿಬಿಡುತ್ತಾರೆ. ವಾಸ್ತುವಿನ ಮಟ್ಟಿಗಂತೂ ಇದು ಅನ್ಯಾಯ.

ಬಸದಿಯ ಮುಂದೆ ನಿಂತಿರುವ ಎತ್ತರದ ಬ್ರಹ್ಮದೇವರ ಕಂಬದಿಂದಲೇ ಊರಿಗೆ ಈ ಹೆಸರು. ಅದರ ಹಿಂದಿರುವ ಐದು ಗರ್ಭಗೃಹಗಳ ಸಮೂಹವನ್ನು ‘ಪಂಚಕೂಟ’ ಎನ್ನುವುದು ವಾಡಿಕೆ. ಎಣಿಕೆಗೆ ಅದು ಸರಿ. ಆದರೆ ಐದೂ ಒಂದೇ ಯೋಜನೆಯಲ್ಲಿ ಎದ್ದವಲ್ಲ. ಉತ್ತರಕ್ಕೆ ಮುಖ ಮಾಡಿದ ಆದಿನಾಥ, ಅದರ ಎರಡು ಮಗ್ಗುಲಲ್ಲಿ ಪರಸ್ಪರ ಎದುರಾಗಿರುವ ಗುಡಿಗಳು, ಮೂರಕ್ಕೂ ಸೇರಿ ಒಂದು ನವರಂಗ: ಇದು ಮೂಲದ ತ್ರಿಕೂಟ. ಅಂಗಳದ ಎರಡು ಬದಿಗಳಲ್ಲಿ ಎದುರುಬದುರಾಗಿರುವ ಇನ್ನೆರಡು ಗುಡಿಗಳು ಆಮೇಲೆ ಸೇರಿದವು. ತ್ರಿಕೂಟವನ್ನು ಗಂಗರ ಕಾಲದ್ದೆಂದು, ಸಾಮಾನ್ಯವಾಗಿ 10ನೆಯ ಶತಮಾನದ್ದೆಂದು ಗುರುತಿಸುತ್ತಾರೆ. ಗಂಗರ ಮಂತ್ರಿ ಚಾವುಂಡರಾಯ ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದೂ ಅದೇ ಶತಮಾನದಲ್ಲಿ.

ಇಲ್ಲಿಯ ನಿಜವಾದ ಸ್ವಾರಸ್ಯ ಶಿಖರಗಳಲ್ಲಿದೆ. ತ್ರಿಕೂಟದ ಮೂರು ವಿಮಾನಗಳಲ್ಲಿ ಆದಿನಾಥನದು ಚೌಕ ಶಿಖರ; ಉಳಿದೆರಡರಲ್ಲಿ ಒಂದು ಎಂಟು ಮೂಲೆಯದು, ಇನ್ನೊಂದು ದುಂಡನೆಯದು. ಶಿಲ್ಪಶಾಸ್ತ್ರಗಳು ಈ ಆಕಾರಗಳನ್ನೇ ಕ್ರಮವಾಗಿ ನಾಗರ, ದ್ರಾವಿಡ, ವೇಸರ ಎನ್ನುತ್ತವೆ; ಮೂರು ಬಗೆಗಳೂ ಇಲ್ಲಿ ಒಂದೇ ಅಂಗಳದಲ್ಲಿ ಸಿಗುತ್ತವೆ. ‘ನಾಗರ’ ಎಂದ ಕೂಡಲೇ ಒಡಿಶಾ, ಖಜುರಾಹೊಗಳ ಗೋಪುರ ಕಣ್ಣಿಗೆ ಕಟ್ಟಬಾರದು. ಮೂರರ ಒಡಲೂ ದಕ್ಷಿಣದ ದ್ರಾವಿಡ ಶೈಲಿಯದೇ: ಅದೇ ಅಧಿಷ್ಠಾನ, ಅದೇ ಸರಳ ಗೋಡೆಗಂಬಗಳು, ಅದೇ ಕೂಟ–ಶಾಲೆಗಳೆಂಬ ಕಿರುಗುಡಿಗಳ ಸಾಲು. ವ್ಯತ್ಯಾಸ ಕತ್ತಿನಿಂದ ಮೇಲಿನ ಭಾಗದಲ್ಲಿ ಮಾತ್ರ. ಶಾಸ್ತ್ರದ ವರ್ಗೀಕರಣ ಕುಶಲಕರ್ಮಿಗಳ ಕೈಯಲ್ಲಿ ಜೀವಂತವಾಗಿತ್ತು ಎನ್ನುವುದಕ್ಕೆ ಕರ್ನಾಟಕದಲ್ಲಿ ಇಷ್ಟು ನೇರವಾದ ಸಾಕ್ಷಿ ಅಪರೂಪ. ಒರಟು ಕಣಶಿಲೆಯಲ್ಲಿ ಇಷ್ಟನ್ನು ಸಾಧಿಸಿದ್ದಾರೆ ಎಂಬುದೂ ನೆನಪಿರಲಿ.

ಗಂಗರು ಹೋದ ಮೇಲೂ ಊರು ಪಾಳು ಬೀಳಲಿಲ್ಲ. ತಲಕಾಡನ್ನು ಗೆದ್ದುಕೊಟ್ಟ ಹೊಯ್ಸಳ ದಂಡನಾಯಕ ಗಂಗರಾಜ, ದೊರೆ ವಿಷ್ಣುವರ್ಧನನಿಂದ ಪಡೆದ ಬಿಂಡಿಗನವಿಲೆಯನ್ನು ಜೈನ ಗುರುವಿಗೆ ದತ್ತಿ ಬಿಟ್ಟದ್ದನ್ನು 1118ರ ಶಾಸನ ಹೇಳುತ್ತದೆ. ಪಂಚಕೂಟದ ಪಕ್ಕದ ಶಾಂತಿನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪ ಕಟ್ಟಿಸಿದನೆಂದು ಹೇಳಲಾಗುತ್ತದೆ. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ತಂದೆಯ ನೆನಪಿಗೆ ಕಟ್ಟಿಸಿದವನೂ ಇವನೇ. ಕಂಬದಹಳ್ಳಿಯ ಶಾಂತಿನಾಥ ಬಸದಿಯ ಅಧಿಷ್ಠಾನದಲ್ಲಿ ಆನೆ, ಕುದುರೆ, ಸಿಂಹಗಳ ಸಾಲು ಕಾಣುತ್ತದೆ. ಹೊಯ್ಸಳರ ದೊಡ್ಡ ದೇವಾಲಯಗಳ ಪ್ರಾಣಿಪಟ್ಟಿಕೆಗಳನ್ನು ಬಲ್ಲವರಿಗೆ ಇದು ಪರಿಚಿತ ವಸ್ತು, ಆದರೆ ಇಲ್ಲಿ ಅಲಂಕಾರಕ್ಕೆ ಇನ್ನೂ ಹಿಡಿತವಿದೆ.

ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಬೆಳಗೊಳಕ್ಕೆ ಕರೆದೊಯ್ಯುವ ಅಧ್ಯಾಪಕರು ಕಂಬದಹಳ್ಳಿಗೆ ಅರ್ಧ ದಿನವನ್ನಾದರೂ ಇಡಬೇಕು. ಮೊದಲು ಅಂಗಳದಲ್ಲಿ ನಿಂತು ಮೂರು ಶಿಖರಗಳನ್ನು ನೋಡಲಿ, ಶಾಂತಿನಾಥ ಬಸದಿ ಆಮೇಲೆ.